ಅಟ್ಟದ ಮೇಲಿನ ಪ್ಲೇಟಿಗೆ ಲಕ್ಷ ರೂಪಾಯಿಯಾ?

ಹಳೇ ಎರಡು ರೂಪಾಯಿ ನೋಟಿದ್ರೆ ಐದು ಲಕ್ಷ ಸಿಗುತ್ತೆ ಅನ್ನೋ ಮೆಸೇಜು ನಿಮಗೂ ಬಂದಿರುತ್ತೆ. ಹೆಚ್ಚಿನ ಸಲ ಅದು ಮೋಸ. ಈಗ ಅದೇ ಧಾಟಿಯ ಇನ್ನೊಂದು ಮೆಸೇಜು ಓಡಾಡ್ತಿದೆ. ಮನೆಯಲ್ಲಿ ಹಳೇ ಗ್ರಾಮಫೋನ್ ಪ್ಲೇಟಿದ್ರೆ ನೀವು ಲಕ್ಷಾಧೀಶ್ವರರಂತೆ! ಇದನ್ನೂ ಸುಳ್ಳು ಅಂತ ಪಕ್ಕಕ್ಕಿಡಬಹುದಿತ್ತು. ಆದ್ರೆ ಇದರಲ್ಲಿ ಸಾಸಿವೆ ಕಾಳಿನಷ್ಟು ನಿಜ ಇದೆ. ಆ ಸಾಸಿವೆ ಕಾಳು ಎಲ್ಲಿದೆ ಅನ್ನೋದು ಗೊತ್ತಿರಬೇಕು, ಅಷ್ಟೇ.

ಸಕಲೇಶಪುರದ ಹಾನುಬಾಳು ಕಡೆಯ ವೀಕ್ಷಕರೊಬ್ಬರು ನನಗೆ ಕೆಲವು ಫೋಟೊ ಕಳಿಸಿದ್ರು. ಹಳೇ ಮನೆ ಕೆಡವೋಕೆ ಮುಂಚೆ ಅಟ್ಟದಿಂದ ಇಳಿಸಿದ ಒಂದು ಟ್ರಂಕು. ಅದರ ತುಂಬ ರೆಕಾರ್ಡುಗಳು. ಡಾ. ರಾಜ್‌ಕುಮಾರ್ ಚಿತ್ರದ ಹಾಡುಗಳು, ಪಿ.ಬಿ. ಶ್ರೀನಿವಾಸ್, ಜಿಮ್ ರೀವ್ಸ್, ಎರಡು ಬೀಟಲ್ಸ್. ಎಲ್ಲದರ ಅಡಿಯಲ್ಲಿ ಅಂಚು ಕಿತ್ತುಹೋದ ಕವರಿನ ಒಂದು ಎಲ್‌ಪಿ, ‘ಸಿಮ್ಲಾ ಬೀಟ್ 70’. “ಬೆಂಗಳೂರಿಂದ ಬಂದವರೊಬ್ಬರು ಎಲ್ಲಾ ಸೇರಿಸಿ ಎರಡು ಸಾವಿರ ಕೊಡ್ತೀನಿ ಅಂತಿದಾರೆ, ಕೊಟ್ಬಿಡ್ಲಾ?” ಅಂತ ಕೇಳಿದ್ರು. ತಡೀರಿ ಅಂದೆ. ಯಾಕೆ ತಡೀರಿ ಅಂದೆ ಅನ್ನೋದೇ ಇವತ್ತಿನ ವಿಷಯ.

ಇಂಥ ಟ್ರಂಕು ಈ ಕಡೆ ಸಿಗೋದ್ರಲ್ಲಿ ಆಶ್ಚರ್ಯ ಇಲ್ಲ. ಇದು ಬ್ರಿಟಿಷ್ ಪ್ಲಾಂಟರ್‌ಗಳು ತೋಟ ಮಾಡಿದ ನೆಲ. ಅವರು ಹೋದರೂ ಬಂಗಲೆ, ಕ್ಲಬ್ಬು, ಬಿಲಿಯರ್ಡ್ಸ್ ಮೇಜು, ರೇಡಿಯೊಗ್ರಾಂ ಉಳಿದವು. ಕಾಫಿ ಬೆಳೆಗಾರರ ಮಕ್ಕಳು ಬೆಂಗಳೂರಿನ ಹಾಸ್ಟೆಲ್‌ಗಳಲ್ಲಿ ಓದಿದ್ರು, ರಜೆಗೆ ಬರುವಾಗ ಪೇಟೆಯ ಹಾಡು ಹೊತ್ತು ತಂದ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದಿದ್ದಾಗ ಮನೆಯೊಳಗೆ ಬೇರೇನು ಮಾಡೋದು ಹೇಳಿ!

ಸಿಮ್ಲಾ ಅನ್ನೋದು ಆ ಕಾಲದ ಒಂದು ಸಿಗರೇಟು. ಅದನ್ನು ಮಾರ್ತಿದ್ದದ್ದು ಇಂಪೀರಿಯಲ್ ಟೊಬ್ಯಾಕೊ, ಅಂದ್ರೆ ಇವತ್ತಿನ ಐಟಿಸಿ. ಕಾಲೇಜು ಹುಡುಗರನ್ನು ಹಿಡಿಯೋಕೆ ಕಂಪನಿ ಅರವತ್ತರ ದಶಕದ ಕೊನೆಗೆ ‘ಸಿಮ್ಲಾ ಬೀಟ್’ ಅಂತ ರಾಕ್ ಬ್ಯಾಂಡ್‌ಗಳ ಸ್ಪರ್ಧೆ ನಡೆಸ್ತು. ಅದರಿಂದ ಆಯ್ದ ಬ್ಯಾಂಡ್‌ಗಳ ಹಾಡುಗಳನ್ನು 1970 ಮತ್ತು 1971ರಲ್ಲಿ ಎರಡು ಎಲ್‌ಪಿಗಳಾಗಿ ತಂದಿತು. ಶಿಲ್ಲಾಂಗಿನ ಫೆಂಟೋನ್ಸ್, ಕಲ್ಕತ್ತಾದ ಗ್ರೇಟ್ ಬೇರ್, ಮದ್ರಾಸಿನ ಕನ್‌ಫ್ಯೂಷನ್ಸ್, ನಮ್ಮ ಬೆಂಗಳೂರಿನ ಡೈನೋಸಾರ್ಸ್. ಡೈನೋಸಾರ್ಸ್ ಹಾಡಿದ್ದು ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ‘ಸಿನಿಸ್ಟರ್ ಪರ್ಪಸ್’. ಮೂಲ ಹಾಡು ಬಂದದ್ದು 1969ರಲ್ಲಿ. ಇಂಟರ್ನೆಟ್ ಇಲ್ಲ, ಟಿವಿ ಇಲ್ಲ. ಆದ್ರೂ ಅಲ್ಲಿಯ ಹಾಡನ್ನ ಇಲ್ಲಿಯ ಹುಡುಗರು ಅಷ್ಟು ಬೇಗ ಕಲಿತು ರೆಕಾರ್ಡೂ ಮಾಡಿದ್ರು. ಸಿಗರೇಟಿನ ಜಾಹೀರಾತು ಅಂತ ನಾವು ಬೈಯಬಹುದು, ಬೈಯಲೇಬೇಕು. ಆದ್ರೆ ಆ ಜಾಹೀರಾತು ಇಲ್ಲದಿದ್ರೆ ಈ ದನಿಗಳು ಪ್ಲೇಟಿನ ಮೇಲೆ ಬರ್ತಾನೇ ಇರಲಿಲ್ಲವೇನೋ.

ಹೊರದೇಶದ ಸಂಗ್ರಾಹಕರು ಇದಕ್ಕೆ ಯಾಕೆ ಬೀಳ್ತಾರೆ? ಮೊದಲ ಕಾರಣ ಅದರ ಗಿಟಾರಿನ ಗರಗರ. ಇಂಜಿನಿಯರಿಂಗ್ ಓದಿದ್ದು ಈಗಾದ್ರೂ ಉಪಯೋಗಕ್ಕೆ ಬರಲಿ. ಗಿಟಾರಿನಿಂದ ಬರುವ ವಿದ್ಯುತ್ ಅಲೆ ಬಿಸಿಲೆ ಕಡೆಯ ಗುಡ್ಡಗಳ ಹಾಗೆ ದುಂಡಗೆ ಏರಿ ದುಂಡಗೆ ಇಳಿಯುತ್ತೆ. ಟ್ರಾನ್ಸಿಸ್ಟರಿಗೆ ಅದರ ಶಕ್ತಿ ಮೀರಿ ಸಿಗ್ನಲ್ ಕೊಟ್ಟರೆ ಗುಡ್ಡದ ನೆತ್ತಿಯೇ ಕತ್ತರಿಸಿಹೋಗುತ್ತೆ. ರೆಸಾರ್ಟಿಗಾಗಿ ಜೆಸಿಬಿ ತಂದು ಮಟ್ಟ ಮಾಡ್ತಾರಲ್ಲ, ಹಾಗೆ. ಆ ಚಪ್ಪಟೆ ಅಲೆಯೇ ಕಿವಿಗೆ ಗರಗರ ಅಂತ ಕೇಳೋದು. ಅದಕ್ಕೆ ಫಝ್ ಅಂತಾರೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್ಫ್ಯಾಕ್ಷನ್’ ಬಂದ ಮೇಲೆ ಲೋಕವೆಲ್ಲ ಇದರ ಹಿಂದೆ ಬಿತ್ತು. ವಿದೇಶದಲ್ಲಿ ಇದಕ್ಕೆ ರೆಡಿಮೇಡ್ ಪೆಟ್ಟಿಗೆ ಸಿಗ್ತಿತ್ತು. ನಮ್ಮಲ್ಲಿ ಆಮದಿಗೆ ನೂರೆಂಟು ನಿರ್ಬಂಧ. ಹಾಗಾಗಿ ಎಷ್ಟೋ ಬ್ಯಾಂಡ್‌ಗಳು ಆಂಪ್ಲಿಫೈಯರನ್ನು ಊರಿನಲ್ಲೇ ಕಟ್ಟಿಸಿಕೊಳ್ತಿದ್ವು. ಅದರ ದನಿ ಲಂಡನ್ನಿನ ದನಿ ಥರಾ ಬರಲಿಲ್ಲ. ಐವತ್ತು ವರ್ಷದ ಮೇಲೆ ಆ ಕೊರತೆಗೇ ಬೆಲೆ ಬಂದಿದೆ.

ಎರಡನೇ ಕಾರಣ ಸ್ವಲ್ಪ ಕ್ರೂರವಾದದ್ದು. ಚೆನ್ನಾಗಿ ಮಾರಾಟವಾದ ರೆಕಾರ್ಡಿಗೆ ಈಗ ಬೆಲೆ ಇಲ್ಲ, ಸೋತದ್ದಕ್ಕೆ ಬೆಲೆ. ರಾಜ್‌ಕುಮಾರ್ ಹಾಡಿನ ಪ್ಲೇಟು ಮನೆಮನೆಯಲ್ಲಿತ್ತು. ಆದ್ದರಿಂದ ಅದಕ್ಕೆ ಮನಸ್ಸಿನಲ್ಲಿ ಎಷ್ಟೇ ಬೆಲೆ ಇದ್ರೂ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಫ್ರಾಂಕ್ ವಿಲ್ಸನ್ ಅಂತ ಅಮೆರಿಕದ ಗಾಯಕ. 1965ರಲ್ಲಿ ಅವನ ಒಂದು ಹಾಡಿನ ಪ್ಲೇಟನ್ನು ಕಂಪನಿಯೇ ಬೇಡ ಅಂತ ನಾಶ ಮಾಡಿಸಿತು. ಬೆರಳೆಣಿಕೆಯಷ್ಟು ಉಳಿದವು. 2009ರಲ್ಲಿ ಅದರಲ್ಲೊಂದು 25,000 ಪೌಂಡ್ ದಾಟಿ ಹೋಯ್ತು. ನಮ್ಮ ಸಿಮ್ಲಾ ಬೀಟ್‌ಗೆ ಅಷ್ಟೆಲ್ಲ ಇಲ್ಲ, ಆಸೆ ಬೇಡ. ಆದ್ರೆ ಇಡೀ ಟ್ರಂಕಿಗೆ ಎರಡು ಸಾವಿರ ಅನ್ನೋದು ಹಗಲು ದರೋಡೆ.

ಮೂರನೆಯದು ಸ್ಥಿತಿ. ಇಲ್ಲಿ ಮಲೆನಾಡಿನವರಿಗೆ ಪೆಟ್ಟು. ಸಂಗ್ರಾಹಕರ ಭಾಷೆಯಲ್ಲಿ ‘ವೆರಿ ಗುಡ್’ ಅಂದ್ರೆ ಗೀರು ಬಿದ್ದಿದೆ ಅಂತ, ಬರೀ ‘ಗುಡ್’ ಅಂದ್ರೆ ಕೆಟ್ಟುಹೋಗಿದೆ ಅಂತ ಅರ್ಥ. ‘ಮಿಂಟ್’ ಅಂದ್ರೆ ಮಾತ್ರ ಹೊಸದರ ಹಾಗಿದೆ ಅಂತ. ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ ಬೀಳೋ ಸಕಲೇಶಪುರದಲ್ಲಿ ಮಿಂಟ್ ಎಲ್ಲಿಂದ ಬರಬೇಕು? ಆಲೂರಿನ ಕಡೆ ಇಳಿದ ಹಾಗೆ ಮಳೆ ಕಡಿಮೆ ಆಗುತ್ತೆ, ಅಲ್ಲಿ ಸ್ವಲ್ಪ ವಾಸಿ. ಎಲ್‌ಪಿ ಪ್ಲಾಸ್ಟಿಕ್ಕಿನದು, ನಮ್ಮ ಪಿವಿಸಿ ಪೈಪಿನ ಜಾತಿ. ಅದು ಸುಲಭಕ್ಕೆ ಕೊಳೆಯಲ್ಲ. ಬೂಷ್ಟು ಹಿಡಿಯೋದು ಅದರ ಮೇಲಿನ ಧೂಳು, ಬೆರಳಿನ ಜಿಡ್ಡು ಮತ್ತು ಕಾಗದದ ಕವರಿಗೆ. ಕವರು ಹೋದರೆ ಬೆಲೆಯ ದೊಡ್ಡ ಪಾಲು ಹೋದ ಹಾಗೆ. ಪ್ಲೇಟನ್ನು ಮೆತ್ತನೆ ಬಟ್ಟೆಯಲ್ಲಿ, ಡಿಸ್ಟಿಲ್ಡ್ ವಾಟರ್ ಹಾಕಿ ಗೆರೆ ಹೋದ ದಿಕ್ಕಿನಲ್ಲೇ ಒರೆಸಿ, ಲೇಬಲ್ ನೆನೆಸಬೇಡಿ. ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟಿಗೆ ಮಾತ್ರ ಸ್ಪಿರಿಟ್ ಮುಟ್ಟಿಸಲೇಬೇಡಿ. ಅದರಲ್ಲಿರೋದು ಅರಗು, ಸ್ಪಿರಿಟ್ಟಿಗೆ ಕರಗುತ್ತೆ. ಒಂದರ ಮೇಲೊಂದು ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಹಂಡೆ ಒಲೆ ಮೇಲಿನ ಅಟ್ಟ ಒಣಗಿರುತ್ತೆ ಅಂತ ಅಲ್ಲಿಟ್ಟರೆ ಶಾಖಕ್ಕೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಸಿಮ್ಲಾ ಬೀಟ್ ಅಂತ ಇದ್ದ ಮಾತ್ರಕ್ಕೆ ಅದು ಮೂಲ ಪ್ರತಿ ಅಂತಲೂ ಅಲ್ಲ. ಯುರೋಪಿನಲ್ಲಿ ಅದರ ಮರುಮುದ್ರಣಗಳು ಬಂದಿವೆ. ಲೇಬಲ್ ನೋಡಿ, ಗೆರೆ ಮುಗಿದ ಮೇಲೆ ಒಳಗಿನ ನುಣುಪು ಜಾಗದಲ್ಲಿ ಕೊರೆದಿರೋ ನಂಬರ್ ನೋಡಿ, ಎರಡರ ಫೋಟೊ ತೆಗೆದು ಇಬ್ಬರು ಮೂವರ ಹತ್ತಿರ ಬೆಲೆ ಕೇಳಿ. ಮೊದಲು ಬಂದವನಿಗೇ ಕೊಡಬೇಡಿ.

ಈ ದುಡ್ಡಿನ ಆಟದಲ್ಲಿ ಹಾಡಿದವರಿಗೆ ಏನು ಸಿಗುತ್ತೆ? ಹಳೇ ಪ್ಲೇಟು ಕೈಯಿಂದ ಕೈಗೆ ಹೋದಾಗ ಒಂದು ಪೈಸೆಯೂ ಇಲ್ಲ. ಅಮೆರಿಕದ ಡೆಟ್ರಾಯಿಟ್‌ನ ರೊಡ್ರಿಗೆಜ್ ಕತೆ ಕೇಳಿರಬಹುದು. 1970ರ ಅವನ ‘ಕೋಲ್ಡ್ ಫ್ಯಾಕ್ಟ್’ ತನ್ನ ದೇಶದಲ್ಲಿ ಬಿದ್ದುಹೋಯ್ತು, ದಕ್ಷಿಣ ಆಫ್ರಿಕದಲ್ಲಿ ಮನೆಮಾತಾಯ್ತು. ಅದು ಅವನಿಗೇ ಎಷ್ಟೋ ವರ್ಷ ಗೊತ್ತಿರಲಿಲ್ಲ. ಅವನ ಬಗ್ಗೆ ತೆಗೆದ ಸಾಕ್ಷ್ಯಚಿತ್ರಕ್ಕೆ 2013ರಲ್ಲಿ ಆಸ್ಕರ್ ಬಂತು. ನಮ್ಮ ಬ್ಯಾಂಡ್‌ಗಳನ್ನು ಹಾಗೆ ಹುಡುಕಿಕೊಂಡು ಹೋದವರು ಕಡಿಮೆ. ಹೆಚ್ಚಿನವರು ಬ್ಯಾಂಡ್ ಬಿಟ್ಟು ಬೇರೆ ಕೆಲಸ ಹಿಡಿದಿರ್ತಾರೆ.

ಇನ್ನೊಂದು ಲೆಕ್ಕ ಇದೆ. ಭಾರತದ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ 1970ರ ಮುದ್ರಣದ ಹಕ್ಕು 2030ರ ಡಿಸೆಂಬರ್ 31ಕ್ಕೆ, 1971ರದ್ದು ಅದರ ಮುಂದಿನ ವರ್ಷ ಮುಗಿಯುತ್ತೆ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ, ಅದು ಉಳಿದಿರುತ್ತೆ. ಮುದ್ರಣದ ಮಟ್ಟಿಗೆ ಮಾತ್ರ ಬಾಗಿಲು ತೆರೆಯುತ್ತೆ. ಮೂಲ ಟೇಪು ಕಳೆದುಹೋದ ಇಂಥ ಹಳೇ ಆಲ್ಬಂಗಳನ್ನು ಮತ್ತೆ ತರುವಾಗ ಉಳಿದಿರೋ ಒಂದು ಒಳ್ಳೇ ಪ್ಲೇಟಿನ ಮೇಲೆ ಮುಳ್ಳಿಟ್ಟೇ ಹಾಡನ್ನು ಎತ್ತಿಕೊಳ್ಳೋದು. ಹಾನುಬಾಳಿನ ವೀಕ್ಷಕರಿಗೆ ಅದಕ್ಕೇ ತಡೀರಿ ಅಂದಿದ್ದು. ಮಾರಲಿ, ಅದು ಅವರ ಇಷ್ಟ. ಮಾರೋಕೆ ಮುಂಚೆ ಒಂದು ಸಲ ಆ ಪ್ಲೇಟನ್ನು ಪೂರ್ತಿ ಹಾಕಿಸಿ, ಎರಡೂ ಬದಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ ಅಂತ ಹೇಳಿದ್ದೀನಿ.