ಭಾನುವಾರದ ಚೀಟಿ ಮತ್ತು ಔಷಧ ವ್ಯಾಪಾರಿಯ ಇಕ್ಕಟ್ಟು

ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿಯ ಔಷಧ ವ್ಯಾಪಾರಿಗಳು ಒಂದೆಡೆ ಸೇರಿದಾಗ ಲಾಭಾಂಶ, ತೆರಿಗೆ, ಅವಧಿ ಮೀರಿದ ದಾಸ್ತಾನು ಇವುಗಳ ಮಾತಿನ ನಡುವೆ ಇನ್ನೊಂದು ದೂರೂ ಕೇಳಿಬರುತ್ತದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಚೀಟಿ ಬರೆದ ವೈದ್ಯರನ್ನು ಸಂಪರ್ಕಿಸುವುದೇ ಕಷ್ಟವೆಂಬುದು ಆ ದೂರು. ಚಿಕಿತ್ಸಾಲಯದ ದೂರವಾಣಿ ಬಾರಿಸುತ್ತದೆ, ಎತ್ತುವವರಿಲ್ಲ. ಎತ್ತಿದರೂ 'ಸೋಮವಾರ ಹತ್ತಕ್ಕ ಮಾಡ್ರಿ' ಎಂಬ ಉತ್ತರ. ಗ್ರಾಹಕರು ಮಾತ್ರ ಅಂಗಡಿಯ ಮುಂದೆ ನಿಂತೇ ಇರುತ್ತಾರೆ. ಮೇಲ್ನೋಟಕ್ಕೆ ಇದು ಸೌಜನ್ಯದ ಪ್ರಶ್ನೆಯೆನಿಸಬಹುದು. ಆದರೆ ಇದರ ಬೇರು ಕಾನೂನಿನಲ್ಲಿದೆ. ಔಷಧ ವ್ಯಾಪಾರಿಗೆ ವಿಧಿಸಿರುವ ಕರ್ತವ್ಯಗಳಲ್ಲಿ ಕೆಲವು ವೈದ್ಯರ ಉತ್ತರವಿಲ್ಲದೆ ನೆರವೇರಲಾರವು. ಆ ಉತ್ತರವು ರಜೆಯ ದಿನ ಯಾರಿಂದ, ಹೇಗೆ ದೊರೆಯಬೇಕೆಂಬುದಕ್ಕೆ ಔಷಧ ನಿಯಮಾವಳಿಯಲ್ಲಿ ವ್ಯವಸ್ಥೆಯಿಲ್ಲ.

1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದಡಿ ರಚಿತವಾದ 1945ರ ನಿಯಮಾವಳಿಯ 65ನೆಯ ನಿಯಮವು ಚಿಲ್ಲರೆ ಔಷಧ ಮಾರಾಟದ ಪರವಾನಗಿಗೆ ಷರತ್ತುಗಳನ್ನು ಹಾಕುತ್ತದೆ. ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರು ಸ್ವತಃ ಅಥವಾ ತಮ್ಮ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. ಎಚ್, ಎಚ್1 ಮತ್ತು ಎಕ್ಸ್ ಅನುಸೂಚಿಗಳಿಗೆ ಸೇರಿದ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿಯು ಲಿಖಿತವಾಗಿರಬೇಕು, ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು ಮತ್ತು ವಿಳಾಸ, ಔಷಧದ ಒಟ್ಟು ಪ್ರಮಾಣ, ಸೇವಿಸಬೇಕಾದ ಪ್ರಮಾಣ ಇವೆಲ್ಲವೂ ಅದರಲ್ಲಿರಬೇಕು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯಲ್ಲಿ ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ ಮುಂತಾದ ಆಂಟಿಬಯೋಟಿಕ್‌ಗಳು, ಕ್ಷಯರೋಗದ ಔಷಧಗಳು, ಆಲ್ಪ್ರಾಜೋಲಾಮ್‌ನಂತಹ ಮಾತ್ರೆಗಳು ಸೇರಿವೆ. ಇವುಗಳನ್ನು ಮಾರಿದಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು.

ಇಷ್ಟು ಹೆಚ್ಚಿನ ವ್ಯಾಪಾರಿಗಳಿಗೆ ತಿಳಿದ ವಿಷಯವೇ. ಭಾನುವಾರದ ತೊಡಕು ಹುಟ್ಟುವುದು ಅದೇ ನಿಯಮದ ಇನ್ನೆರಡು ಷರತ್ತುಗಳಿಂದ.

ಒಂದನೆಯದು ಮರುಪೂರೈಕೆಯದು. ಒಂದು ಚೀಟಿಗೆ ಒಂದೇ ಬಾರಿ ಔಷಧ ಕೊಡಬೇಕು. ಒಂದಕ್ಕಿಂತ ಹೆಚ್ಚು ಸಲ ಕೊಡಬಹುದೆಂದು ವೈದ್ಯರು ಚೀಟಿಯ ಮೇಲೆ ಬರೆದಿದ್ದರೆ ಮಾತ್ರ, ಅವರು ಹೇಳಿದಷ್ಟು ಸಲ, ಹೇಳಿದ ಅಂತರದಲ್ಲಿ ಕೊಡಬಹುದು. ಕೊಟ್ಟ ಪ್ರತಿ ಸಲವೂ ಅಂಗಡಿಯ ಹೆಸರು, ವಿಳಾಸ ಮತ್ತು ದಿನಾಂಕವನ್ನು ಚೀಟಿಯಲ್ಲಿ ವೈದ್ಯರ ಸಹಿಯ ಮೇಲ್ಭಾಗದಲ್ಲಿ ನಮೂದಿಸಬೇಕು. ರಕ್ತದೊತ್ತಡ, ಮೂರ್ಛೆರೋಗ, ಥೈರಾಯ್ಡ್ ಇಂತಹ ದೀರ್ಘಕಾಲದ ಕಾಯಿಲೆಗಳ ಚೀಟಿಗಳಲ್ಲಿ ಈ ಬರಹ ಇರುವುದು ಅಪರೂಪ. 'ಹೋದ ತಿಂಗಳು ಇದ ಚೀಟಿಗೆ ಕೊಟ್ಟೀರಲ್ರೀ, ಈಗ್ಯಾಕ ಒಲ್ಲೆ ಅಂತೀರಿ?' ಎಂಬ ಗ್ರಾಹಕರ ಪ್ರಶ್ನೆಗೆ ಅಂಗಡಿಯವರ ಬಳಿ ಉತ್ತರವಿರುವುದಿಲ್ಲ. ನಿಯಮವು ಎಲ್ಲೆಡೆ ಅಕ್ಷರಶಃ ಪಾಲನೆಯಾಗುತ್ತಿದೆಯೆಂದು ಯಾರೂ ಹೇಳಲಾರರು. ಆದರೆ ಪಾಲನೆಯಾಗದ ನಿಯಮದ ಹೊಣೆಯೂ ತಪಾಸಣೆಯ ದಿನ ಬೀಳುವುದು ಅಂಗಡಿಯ ಮೇಲೆಯೇ.

ಎರಡನೆಯದು ಬದಲಿ ಔಷಧದ್ದು. ಈ ಅನುಸೂಚಿಗಳ ಔಷಧವಿರುವ ಚೀಟಿ ಬಂದಾಗ, ಬರೆದಿರುವ ತಯಾರಿಕೆಗೆ ಬದಲಾಗಿ ಬೇರೆ ತಯಾರಿಕೆಯನ್ನು ಕೊಡುವಂತಿಲ್ಲ. ಅದರಲ್ಲಿ ಅದೇ ಮೂಲವಸ್ತು ಇದ್ದರೂ ಕೊಡುವಂತಿಲ್ಲ. ಎಂದರೆ ಒಂದು ಕಂಪನಿಯ ಮಾತ್ರೆಯನ್ನು ಹೆಸರು ಹಿಡಿದು ಬರೆದಿದ್ದರೆ, ಅದೇ ವಸ್ತುವಿನ, ಅದೇ ತೂಕದ ಇನ್ನೊಂದು ಕಂಪನಿಯ ಮಾತ್ರೆ ಕಪಾಟಿನಲ್ಲಿದ್ದರೂ ವೈದ್ಯರನ್ನು ಕೇಳಿ, ಚೀಟಿ ತಿದ್ದಿಸಿಕೊಂಡೇ ಕೊಡಬೇಕಾಗುತ್ತದೆ. ವೈದ್ಯರು ಮೂಲನಾಮವನ್ನೇ ಬರೆದಿದ್ದರೆ ಈ ತೊಡಕೇ ಇಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಿಗೆ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತಂದ ತಿದ್ದುಪಡಿಯು ಔಷಧಗಳನ್ನು ಮೂಲನಾಮದಿಂದ, ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳಿತು. ವ್ಯಾಪಾರಿ ನಾಮಗಳ ಬಳಕೆ ಅದರಿಂದೇನೂ ನಿಲ್ಲಲಿಲ್ಲ.

ಈ ಮೂರು ಊರುಗಳಲ್ಲಿ ಸಮಸ್ಯೆ ಬಿಗಿಯಾಗಲು ಭೂಗೋಳವೂ ಒಂದು ಕಾರಣ. ಹಾವೇರಿಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ದೊಡ್ಡ ಕಾಯಿಲೆಗೆ ಹುಬ್ಬಳ್ಳಿಗೆ ಹೋಗುವ ರೂಢಿ ಮಾತ್ರ ಬೇರ್ಪಡಲಿಲ್ಲ. ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ. ಅಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜಿದೆ. ಹೆದ್ದಾರಿಯ ಎರಡು ತುದಿಗಳಲ್ಲಿರುವ ಈ ದೊಡ್ಡ ಊರುಗಳಲ್ಲಿ ತೋರಿಸಿಕೊಂಡ ರೋಗಿ ಸಂಜೆಯ ಬಸ್ಸಿಗೆ ತನ್ನ ಊರಿಗೆ ಮರಳಿ, ಮನೆಯ ಸಮೀಪದ ಅಂಗಡಿಗೆ ಚೀಟಿ ತರುತ್ತಾನೆ. ಸ್ಥಳೀಯ ಅಂಗಡಿಯ ದಾಸ್ತಾನು ಸ್ಥಳೀಯ ವೈದ್ಯರ ಬರವಣಿಗೆಯನ್ನು ಅನುಸರಿಸಿ ಕಟ್ಟಿದ್ದು. ದೂರದ ತಜ್ಞರು ಬರೆದ ಹೆಸರು ಅಲ್ಲಿರುವ ಸಂಭವ ಕಡಿಮೆ. ಸಗಟು ವ್ಯಾಪಾರಿಗೂ ಭಾನುವಾರ ರಜೆ. ಚೀಟಿಯ ತಲೆಬರಹದಲ್ಲಿರುವುದು ಆಸ್ಪತ್ರೆಯ ಸ್ವಾಗತ ಕಟ್ಟೆಯ ಸಂಖ್ಯೆ. ಅಲ್ಲಿ ಕುಳಿತವರಿಗೆ ಆ ರೋಗಿಯ ವಿವರವೂ ಗೊತ್ತಿಲ್ಲ, ಚೀಟಿ ತಿದ್ದುವ ಅಧಿಕಾರವೂ ಇಲ್ಲ.

ಬ್ಯಾಡಗಿಯ ಪರಿಸ್ಥಿತಿ ಇನ್ನೂ ಬೇರೆ. ಮೆಣಸಿನಕಾಯಿ ಮಾರುಕಟ್ಟೆಯ ವಹಿವಾಟಿನ ದಿನಗಳು ಸೋಮವಾರ ಮತ್ತು ಗುರುವಾರ. ಹಂಗಾಮಿನಲ್ಲಿ ಸೋಮವಾರದ ಮಾರಾಟಕ್ಕೆ ಬಳ್ಳಾರಿ, ರಾಯಚೂರು ಹಾಗೂ ಆಂಧ್ರದ ಕಡೆಯ ಬೆಳೆಗಾರರು ಹಿಂದಿನ ದಿನವೇ ಚೀಲಗಳೊಂದಿಗೆ ಬಂದಿಳಿಯುತ್ತಾರೆ. ಪಟ್ಟಣದಲ್ಲಿ ಹೊರಗಿನವರ ಸಂಖ್ಯೆ ಏರುವುದೂ ವೈದ್ಯರ ಬಾಗಿಲು ಮುಚ್ಚಿರುವುದೂ ಒಂದೇ ದಿನ. ಮನೆಯಲ್ಲಿ ಮಾತ್ರೆ ಮರೆತು ಬಂದವರಿರುತ್ತಾರೆ. ಮೆಣಸಿನ ಘಾಟಿಗೆ ಉಬ್ಬಸ ಕೆರಳಿ ಇನ್‌ಹೇಲರ್ ಕೇಳುವವರಿರುತ್ತಾರೆ. ಅವರ ಕೈಯಲ್ಲಿರುವುದು ಹಳೆಯ ಚೀಟಿ ಅಥವಾ ಬರಿಯ ಖಾಲಿ ಪಟ್ಟಿ. ಬರೆದ ವೈದ್ಯರು ಇನ್ನೂರು ಕಿಲೋಮೀಟರ್ ಆಚೆಯಿರಬಹುದು. ಕೊಡದಿದ್ದರೆ ಮನುಷ್ಯ ಕಣ್ಣೆದುರೇ ಒದ್ದಾಡುತ್ತಾನೆ, ಕೊಟ್ಟರೆ ಪರವಾನಗಿಯ ಷರತ್ತು ಮುರಿಯುತ್ತದೆ.

ಮರುಪೂರೈಕೆ ಮತ್ತು ಬದಲಿ ಔಷಧದ ವಿಷಯದಲ್ಲಿ ಒಂದು ದಿನ ತಡೆದರೆ ಕೆಲವೊಮ್ಮೆ ನಡೆದೀತು. ಅನುಮಾನದ ಚೀಟಿಯ ಸಂಗತಿ ಹಾಗಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ದಿನವೂ ಸೇವಿಸಿದ್ದರಿಂದ ಪ್ರಾಣಹಾನಿಯಾದ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಚೀಟಿಯಲ್ಲಿ ಮಾತ್ರೆಯ ಹೆಸರು ಮತ್ತು ತೂಕವಿದ್ದು 'ವಾರಕ್ಕೊಮ್ಮೆ' ಎಂಬ ಮಾತು ಬಿಟ್ಟುಹೋಗಿದೆಯೆಂದು, ಅಥವಾ ಅವಸರದ ಗೀಟಿನಲ್ಲಿ ಓದಲಾಗದಂತಿದೆಯೆಂದು ಇಟ್ಟುಕೊಳ್ಳೋಣ. ಫಾರ್ಮಸಿಸ್ಟರು ಏನು ಮಾಡಬೇಕು? ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಗಳ ಆಶಯ ಸ್ಪಷ್ಟವಾಗಿದೆ: ಚೀಟಿಯಲ್ಲಿ ಎದ್ದುಕಾಣುವ ಲೋಪವಿದ್ದರೆ ಅಥವಾ ಪ್ರಮಾಣ ಮಿತಿಮೀರಿದ್ದರೆ ಅದನ್ನು ಬರೆದವರಿಗೇ ಹಿಂದಿರುಗಿಸಿ ಸರಿಪಡಿಸಿಕೊಳ್ಳಬೇಕು, ಅದನ್ನೂ ವೈದ್ಯರ ಹೆಸರಿಗೆ ಕುಂದು ಬಾರದಂತೆ ಮಾಡಬೇಕು. ಹಿಂದಿರುಗಿಸುವುದಾದರೂ ಯಾರಿಗೆ? ಶನಿವಾರ ರಾತ್ರಿ ಎಂಟು ಗಂಟೆಗೆ ಆ ಹೊಣೆ ಅಂಗಡಿಯಲ್ಲಿ ನಿಂತ ಒಬ್ಬರ ಹೆಗಲಿಗೆ ಬೀಳುತ್ತದೆ.

ಲೆಕ್ಕದ ದೃಷ್ಟಿಯಿಂದಲೂ ನೋಡಬೇಕು. 2013ರ ಔಷಧ ಬೆಲೆ ನಿಯಂತ್ರಣ ಆದೇಶವು ಬೆಲೆ ನಿಗದಿಯಾದ ಔಷಧಗಳಲ್ಲಿ ಚಿಲ್ಲರೆ ವ್ಯಾಪಾರಿಯ ಲಾಭಾಂಶವನ್ನು, ಆತನಿಗೆ ಬೀಳುವ ಬೆಲೆಯ ಶೇಕಡ 16 ಎಂದು ಗೊತ್ತುಮಾಡಿದೆ. 500 ರೂಪಾಯಿಗೆ ಕೊಂಡ ಔಷಧದಲ್ಲಿ 80 ರೂಪಾಯಿ ಸಿಗುತ್ತದೆ. ಬಾಡಿಗೆ, ವಿದ್ಯುತ್ತು, ಫಾರ್ಮಸಿಸ್ಟರ ಸಂಬಳ ಎಲ್ಲ ಅದರಿಂದಲೇ. ಎಲ್ಲ ಕಂಪನಿಗಳ ಹೆಸರುಗಳನ್ನೂ ಇಟ್ಟುಕೊಂಡರಾಯಿತಲ್ಲ ಎಂಬ ಸಲಹೆ ಕೇಳಲು ಸುಲಭ. ಒಂದೇ ವಸ್ತುವಿನ ಹತ್ತು ಹೆಸರುಗಳನ್ನು ಇಟ್ಟರೆ ತೊಡಗಿಸಿದ ಹಣ ಹೆಚ್ಚುತ್ತದೆಯೇ ಹೊರತು ಮಾರಾಟ ಹೆಚ್ಚುವುದಿಲ್ಲ. ಉಳಿದವು ಅವಧಿ ಮೀರಿ ಹಿಂದಿರುಗುತ್ತವೆ, ಕೆಲವು ಹಿಂದಿರುಗುವುದೂ ಇಲ್ಲ. ಇನ್ನು 80 ರೂಪಾಯಿಯ ಲಾಭಕ್ಕಾಗಿ ಷರತ್ತು ಮುರಿದರೆ 66ನೆಯ ನಿಯಮದಡಿ ಪರವಾನಗಿಯನ್ನೇ ಅಮಾನತಿನಲ್ಲಿಡಬಹುದು, ರದ್ದುಮಾಡಲೂಬಹುದು. ನಿರಾಕರಿಸಿದ ಮಾರಾಟವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸುವುದಿಲ್ಲವಾದ್ದರಿಂದ ಈ ನಷ್ಟ ಎಷ್ಟೆಂಬುದು ವ್ಯಾಪಾರಿಗೇ ತಿಳಿದಿರುವುದಿಲ್ಲ. ಮೂರು ತಿಂಗಳ ಮಟ್ಟಿಗೆ, ವಾರಾಂತ್ಯದಲ್ಲಿ ವಾಪಸು ಕಳಿಸಿದ ಚೀಟಿಗಳನ್ನು ರೋಗಿಯ ಹೆಸರಿಲ್ಲದೆ ಒಂದು ನೋಟುಪುಸ್ತಕದಲ್ಲಿ ಕಾರಣಸಹಿತ ಗುರುತು ಹಾಕಿದರೆ, ವೈದ್ಯರ ಮುಂದಿಡಲು ಒಂದು ಆಧಾರವಾದರೂ ಸಿಗುತ್ತದೆ.

ವೈದ್ಯರ ಕಡೆಯ ಮಾತೂ ನ್ಯಾಯವಾದದ್ದೇ. ಸಣ್ಣ ಊರಿನಲ್ಲಿ ಒಬ್ಬರೇ ನಡೆಸುವ ಚಿಕಿತ್ಸಾಲಯಕ್ಕೆ ವಾರದಲ್ಲಿ ಒಂದು ದಿನವಾದರೂ ಬಿಡುವು ಬೇಡವೇ? ರೋಗಿಯ ದಾಖಲೆ ಎದುರಿಗಿಲ್ಲದೆ, ಗುರುತಿಲ್ಲದ ಧ್ವನಿಗೆ ಉತ್ತರಿಸುವುದು ಅವರಿಗೂ ಅಪಾಯಕರ. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬೇಕಾಗಿಲ್ಲ. 'ನೀವು ಬರೆದದ್ದು ಇಲ್ಲ, ಬೇರೆ ಕೊಡಲೇ' ಎಂಬ ಕರೆಗಳಲ್ಲಿ ಕೆಲವು, ಹೆಚ್ಚು ಲಾಭವಿರುವ ಮಾಲನ್ನು ದಾಟಿಸುವ ಸಲುವಾಗಿಯೇ ಬಂದವು ಎಂಬ ಸಂಶಯ ವೈದ್ಯರಲ್ಲಿದೆ. ಆ ಸಂಶಯ ಸಂಪೂರ್ಣ ನಿರಾಧಾರವೆನ್ನಲಾಗದು.

ಬೇರೆ ದೇಶಗಳು ಈ ಗಂಟನ್ನು ಕಾನೂನಿನಿಂದಲೇ ಬಿಡಿಸಿವೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ 2014ರ ಹೊಸ ವರ್ಷದ ರಜೆಯ ಸಮಯದಲ್ಲಿ ಕೆವಿನ್ ಎಂಬ ಮಧುಮೇಹಿಯ ಇನ್ಸುಲಿನ್ ಚೀಟಿಯ ಅವಧಿ ಮುಗಿದಿತ್ತು. ವೈದ್ಯರ ಕಚೇರಿಯಿಂದ ಹೊಸ ಚೀಟಿ ಸಿಗದೆ ಆತ ತೀರಿಕೊಂಡನು. 2015ರ ಡಿಸೆಂಬರಿನಲ್ಲಿ ಅಂಗೀಕಾರವಾದ ಕೆವಿನ್ ಕಾಯಿದೆಯು, ವೈದ್ಯರು ಸಿಗದಿದ್ದಾಗ ಜೀವರಕ್ಷಕ ಔಷಧವನ್ನು ಹಿಂದಿನ ದಾಖಲೆಯ ಆಧಾರದ ಮೇಲೆ ಕೊಡಲು ಫಾರ್ಮಸಿಸ್ಟರಿಗೆ ಅಧಿಕಾರ ನೀಡಿತು. ಬ್ರಿಟನ್ನಿನ 2012ರ ನಿಯಮಗಳಲ್ಲಿಯೂ ತುರ್ತು ಪೂರೈಕೆಯ ಅವಕಾಶವಿದೆ. ರೋಗಿಗೆ ಹಿಂದೆ ಅದೇ ಔಷಧವನ್ನು ಬರೆದುಕೊಟ್ಟಿದ್ದರು, ಈಗ ಅದರ ಅಗತ್ಯ ತುರ್ತಾಗಿದೆ ಎಂದು ಮನವರಿಕೆಯಾದರೆ ಸಾಮಾನ್ಯವಾಗಿ 30 ದಿನಗಳವರೆಗಿನ ಔಷಧ ಕೊಡಬಹುದು. ಭಾರತದ ನಿಯಮಾವಳಿಯಲ್ಲಿ ಫಾರ್ಮಸಿಸ್ಟರಿಗೆ ಅಂತಹ ಅಧಿಕಾರವಿಲ್ಲ.

ಹಾಗಾದರೆ ಇರುವ ಚೌಕಟ್ಟಿನೊಳಗೆ ಏನು ಸಾಧ್ಯ? ದೂರವಾಣಿಯಲ್ಲಿ ವೈದ್ಯರು 'ಆಯ್ತು, ಕೊಡ್ರಿ' ಎಂದರೆ ಸಾಕೆಂಬ ನಂಬಿಕೆ ಅನೇಕರಲ್ಲಿದೆ. ಅದು ಸಾಲದು, ಏಕೆಂದರೆ ಚೀಟಿ ಲಿಖಿತವಾಗಿ, ಸಹಿಯೊಂದಿಗೆ ಇರಬೇಕೆಂಬುದು ಷರತ್ತು. ಆದರೆ 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯ ಮಾರ್ಗಸೂಚಿಗಳು ಒಂದು ದಾರಿ ತೆರೆದಿವೆ. ವೈದ್ಯರು ರೋಗಿಯೊಡನೆ ಮಾತನಾಡಿ, ಸಹಿ ಮಾಡಿದ ಚೀಟಿಯ ಛಾಯಾಚಿತ್ರವನ್ನು ಮಿಂಚಂಚೆಯಿಂದಲೋ ವಾಟ್ಸಾಪ್‌ನಂತಹ ಸಂದೇಶ ಸೌಲಭ್ಯದಿಂದಲೋ ಕಳುಹಿಸಬಹುದು. ನೇರವಾಗಿ ಅಂಗಡಿಗೇ ಕಳುಹಿಸುವುದಾದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ಯಾವ ಅಂಗಡಿಯೆಂಬ ಆಯ್ಕೆ ರೋಗಿಯದೇ. ಎಕ್ಸ್ ಅನುಸೂಚಿಯ ಮತ್ತು ಮಾದಕ ದ್ರವ್ಯಗಳ ಕಾಯಿದೆಗೆ ಒಳಪಟ್ಟ ಔಷಧಗಳನ್ನು ಹೀಗೆ ಬರೆಯುವಂತಿಲ್ಲ. ಆದ್ದರಿಂದ ಅಂಗಡಿಯವರು ತಾವೇ ವಾದಿಸುವ ಬದಲು, ಎದುರಿಗಿರುವ ರೋಗಿಯ ಕೈಗೆ ಫೋನು ಕೊಟ್ಟು ಮಾತನಾಡಿಸುವುದು ಲೇಸು. ಬಂದ ಚಿತ್ರವನ್ನು ಮುದ್ರಿಸಿ ಮಾರಾಟದ ಬಿಲ್ಲಿನೊಂದಿಗೆ ಇಡಬೇಕು.

ಇದಕ್ಕಿಂತಲೂ ಅಗ್ಗದ ಉಪಾಯ ಚೀಟಿಯಲ್ಲೇ ಇದೆ. ದೀರ್ಘಕಾಲದ ರೋಗಿಗೆ 'ತಿಂಗಳಿಗೊಮ್ಮೆಯಂತೆ ಮೂರು ಸಲ' ಎಂದು ವೈದ್ಯರು ಒಂದು ಸಾಲು ಬರೆದರೆ ಮರುಪೂರೈಕೆಯ ಕರೆಯೇ ಬೇಕಿಲ್ಲ. ಮೂಲನಾಮ ಬರೆದರೆ ಬದಲಿಯ ಕರೆಯೂ ಇಲ್ಲ. ವೈದ್ಯರ ನೋಂದಣಿ ಸಂಖ್ಯೆ ಚೀಟಿಯಲ್ಲಿರಬೇಕೆಂಬುದು 2002ರ ನಿಯಮಗಳಲ್ಲಿಯೇ ಇದೆ. ಅದರ ಕೆಳಗೆ ರಜಾದಿನಕ್ಕೆಂದು ಒಂದು ಸಂಖ್ಯೆ, ಆ ದಿನ ಜವಾಬ್ದಾರಿ ಹೊತ್ತ ಸಹವೈದ್ಯರದ್ದಾದರೂ ಸರಿ, ಅಚ್ಚಾದರೆ ಉಳಿಯುವುದು ಅನುಮಾನದ ಚೀಟಿಗಳ ಕೆಲವೇ ಕರೆಗಳು. ಮೂರೂ ಊರುಗಳ ಔಷಧ ವ್ಯಾಪಾರಿಗಳ ಸಂಘಗಳು ಭಾರತೀಯ ವೈದ್ಯಕೀಯ ಸಂಘದ ಸ್ಥಳೀಯ ಶಾಖೆಗಳೊಡನೆ ಒಮ್ಮೆ ಕುಳಿತು ಇಷ್ಟನ್ನು ಕೇಳಬಹುದು. ಪ್ರತಿಯಾಗಿ, ಲಾಭದ ಕಾರಣಕ್ಕೆ ಬದಲಿ ಕೇಳುವ ಕರೆಗಳನ್ನು ಮಾಡುವುದಿಲ್ಲವೆಂಬ ಭರವಸೆಯನ್ನು ಸಂಘಗಳು ಕೊಡಬೇಕಾಗುತ್ತದೆ. ವಾಣಿಜ್ಯ ಸಂಸ್ಥೆಯ ಸಭಾಂಗಣ ಇಂತಹ ಸಭೆಗೆ ತಕ್ಕ ತಟಸ್ಥ ಸ್ಥಳ.

ಅಲ್ಲಿಯವರೆಗೆ ಭಾನುವಾರದ ಗ್ರಾಹಕರನ್ನು ಬರಿಗೈಯಲ್ಲಿ ಕಳುಹಿಸುವ ಬದಲು ಹಾವೇರಿಯ ಜಿಲ್ಲಾ ಆಸ್ಪತ್ರೆ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಕಳುಹಿಸಬಹುದು. ಹೊರರೋಗಿ ವಿಭಾಗ ಮುಚ್ಚಿದ್ದರೂ ಕರ್ತವ್ಯದಲ್ಲಿರುವ ವೈದ್ಯರು ರೋಗಿಯನ್ನು ನೋಡಿ ಹೊಸ ಚೀಟಿ ಬರೆಯಬಲ್ಲರು. ಹೋಗುವಾಗ ಹಳೆಯ ಚೀಟಿಯನ್ನೂ ಖಾಲಿ ಪಟ್ಟಿಯನ್ನೂ ಜೊತೆಗೆ ಒಯ್ಯುವಂತೆ ಹೇಳಬೇಕು. ಅನುಮಾನ ಯಾವ ಔಷಧದ ಬಗ್ಗೆ, ಏಕೆ ಎಂಬುದನ್ನು ಅಂಗಡಿಯ ಒಂದು ತುಂಡು ಕಾಗದದಲ್ಲಿ ಬರೆದು ಕೊಟ್ಟರೆ ಆ ವೈದ್ಯರ ಕೆಲಸವೂ ಹಗುರಾಗುತ್ತದೆ.