ಒಂದೇ ಯುದ್ಧ, ಎರಡು ಹೆಸರು

ಭೂಮಿ, ಕಾರ್ಖಾನೆ ಮೊದಲಾದ ಉತ್ಪಾದನೆಯ ಸಾಧನಗಳು ಕೆಲವರ ಸ್ವತ್ತಾಗಿರದೆ ಇಡೀ ಸಮಾಜದ ಒಡೆತನಕ್ಕೆ ಸೇರಬೇಕೆಂಬುದು ಕಮ್ಯೂನಿಸಂ ಅಥವಾ ಸಮತಾವಾದದ ಮೂಲತತ್ತ್ವ. 1848ರಲ್ಲಿ ಮಾರ್ಕ್ಸ್ ಮತ್ತು ಏಂಗೆಲ್ಸರು ಹೊರಡಿಸಿದ ಪ್ರಣಾಳಿಕೆಯಲ್ಲಿ ಅದು ಸ್ಪಷ್ಟರೂಪವನ್ನು ತಾಳಿತು. ಲೋಕದ ದುಡಿಯುವ ಜನರೆಲ್ಲ ಒಂದೇ ಬಳಗವೆಂದು ಸಾರುವ ಈ ವಾದಕ್ಕೆ ಯುದ್ಧಕ್ಕಿಂತ ಕಠಿನವಾದ ಪರೀಕ್ಷೆ ಬೇರೊಂದಿಲ್ಲ. ಒಂದು ನಾಡಿನ ರೈತನ ಮಗ ಇನ್ನೊಂದು ನಾಡಿನ ರೈತನ ಮಗನತ್ತ ಬಂದೂಕು ಹಿಡಿದು ನಿಂತಾಗ ಬಳಗವೆಂಬ ಮಾತಿಗೆ ಅರ್ಥವೇನು? 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಯೂರೋಪಿನ ಬಹುತೇಕ ಸಮಾಜವಾದಿ ಪಕ್ಷಗಳು ತಂತಮ್ಮ ಸರ್ಕಾರಗಳ ಬೆನ್ನಿಗೆ ನಿಂತವು. ಲೆನಿನ್ನನು ಅದನ್ನು ಒಪ್ಪಲಿಲ್ಲ. ವಸಾಹತುಗಳಿಗಾಗಿ, ಮಾರುಕಟ್ಟೆಗಳಿಗಾಗಿ ಹೂಡಿದ ಇದು ಸಾಮ್ರಾಜ್ಯಶಾಹಿ ಯುದ್ಧ. ದುಡಿಯುವವನಿಗೆ ಇದರಲ್ಲಿ ಸಾವಲ್ಲದೆ ಬೇರೆ ಪಾಲಿಲ್ಲವೆಂದು ಅವನು ವಾದಿಸಿದನು.

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ಲಿನ್‌ಲಿತ್‌ಗೋ ಭಾರತವನ್ನು ಯುದ್ಧಕ್ಕೆ ಎಳೆದನು. ನಿಷೇಧಕ್ಕೊಳಗಾಗಿ ಭೂಗತವಾಗಿದ್ದ ಭಾರತದ ಕಮ್ಯೂನಿಸ್ಟ್ ಪಕ್ಷವು ಇದನ್ನೂ ಸಾಮ್ರಾಜ್ಯಶಾಹಿ ಯುದ್ಧವೆಂದೇ ಕರೆಯಿತು. ಸೋವಿಯತ್ ದೇಶವು ಆಗತಾನೆ ಹಿಟ್ಲರನೊಡನೆ ಅನಾಕ್ರಮಣ ಒಪ್ಪಂದ ಮಾಡಿಕೊಂಡಿತ್ತೆಂಬುದನ್ನೂ ಮರೆಯಲಾಗದು.

ಈ ಕಾಲದಲ್ಲಿ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದ ಕಯ್ಯೂರೆಂಬ ಹಳ್ಳಿಯಲ್ಲಿ ರೈತಸಂಘವೊಂದು ಬೆಳೆದಿತ್ತು. ಗೇಣಿಯ ಮೇಲೆ ಭೂಮಾಲೀಕರು ಹೇರುತ್ತಿದ್ದ ಬಿಟ್ಟಿ ಕಾಣಿಕೆಗಳನ್ನು ಅದು ವಿರೋಧಿಸುತ್ತಿತ್ತು. ಸಂಘದವರ ಮನೆಗಳಿಗೆ ಪೊಲೀಸರು ನುಗ್ಗಿ ಹೊಡೆದುದನ್ನು ಖಂಡಿಸಿ 1941ರ ಮಾರ್ಚ್ 28ರಂದು ರೈತರು ಮೆರವಣಿಗೆ ಹೊರಟರು. ದಾರಿಯಲ್ಲಿ ಪೊಲೀಸ್ ಪೇದೆ ಸುಬ್ಬರಾಯನ್ ಎದುರಾದನು. ಕೆರಳಿದ ಗುಂಪಿನ ಕೈಗೆ ಸಿಕ್ಕ ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದನು. ಕಲ್ಲುಗಳ ಸುರಿಮಳೆಯ ನಡುವೆ ನೀರಿನಲ್ಲಿ ಪ್ರಾಣಬಿಟ್ಟನು. ಆ ಪೇದೆಯೂ ಹೊಟ್ಟೆಪಾಡಿಗಾಗಿ ದುಡಿಯುವವನೇ ಆಗಿದ್ದನೆಂಬುದು ಈ ಕಥೆಯ ಒಂದು ಕಹಿ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು.

ಆರೋಪಿಗಳು ಸೆರೆಮನೆಯಲ್ಲಿರುವಾಗಲೇ ಹೊರಗಿನ ಲೋಕ ಮಗುಚಿಕೊಂಡಿತು. 1941ರ ಜೂನ್ 22ರಂದು ಹಿಟ್ಲರನ ಸೇನೆ ಸೋವಿಯತ್ ನೆಲಕ್ಕೆ ನುಗ್ಗಿತು. ಲೋಕದ ಏಕೈಕ ದೊಡ್ಡ ಕಾರ್ಮಿಕ ರಾಷ್ಟ್ರ ಸೋತರೆ ಎಲ್ಲ ದೇಶಗಳ ದುಡಿಯುವವರೂ ಸೋತಂತೆ ಎಂದು ಕಮ್ಯೂನಿಸ್ಟರು ಬಗೆದರು. ಅದೇ ವರ್ಷದ ಕೊನೆಗೆ ಭಾರತದ ಪಕ್ಷವೂ ತನ್ನ ನಿಲುವನ್ನು ಬದಲಿಸಿತು. ನೆನ್ನೆಯ ಸಾಮ್ರಾಜ್ಯಶಾಹಿ ಯುದ್ಧ ಇಂದು ಜನತೆಯ ಯುದ್ಧವಾಯಿತು. 1942ರ ಜುಲೈನಲ್ಲಿ ಸರ್ಕಾರ ಪಕ್ಷದ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಮರುತಿಂಗಳೇ ಗಾಂಧೀಜಿಯವರು ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಕರೆಯಿತ್ತಾಗ ಪಕ್ಷ ಹೊರಗುಳಿಯಿತು. ನಾಜಿಗಳು ಗೆದ್ದರೆ ಸ್ವಾತಂತ್ರ್ಯದ ಮಾತೇ ಉಳಿಯದೆಂಬ ಅದರ ಭಯ ಸುಳ್ಳಾಗಿರಲಿಲ್ಲ. ಆದರೆ ಮಾಸ್ಕೋದ ಮೇಲೆ ಬಿದ್ದ ಕಣ್ಣು ಮನೆಯ ಬಾಗಿಲಲ್ಲಿ ಕೂಗುತ್ತಿದ್ದವರನ್ನು ಕಾಣಲಿಲ್ಲವೆಂಬ ದೂರನ್ನು ಪಕ್ಷ ದಶಕಗಳ ಕಾಲ ಹೊರಬೇಕಾಯಿತು.

ಕಯ್ಯೂರಿನವರಿಗೆ ಈ ಬದಲಾವಣೆಯಿಂದ ಏನೂ ದೊರೆಯಲಿಲ್ಲ. ತಮ್ಮ ಪಕ್ಷ ಯುದ್ಧದಲ್ಲಿ ಸರ್ಕಾರದ ಕಡೆಗಿದ್ದರೂ ಅದೇ ಸರ್ಕಾರದ ನೇಣು ಅವರಿಗಾಗಿ ಕಾದಿತ್ತು. ಮರಣದಂಡನೆಗೆ ಗುರಿಯಾದ ಐವರಲ್ಲಿ ಒಬ್ಬನು ಎಳೆಯ ಪ್ರಾಯದವನೆಂಬ ಕಾರಣದಿಂದ ಉಳಿದುಕೊಂಡನು. ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ತಿಂಗಳಲ್ಲಿ ಮೈಸೂರು ಸಂಸ್ಥಾನವು ಶಿಕಾರಿಪುರ ತಾಲೂಕಿನ ಈಸೂರಿನ ಐವರನ್ನು ಬೆಂಗಳೂರಿನಲ್ಲಿ ನೇಣಿಗೆ ಹಾಕಿತ್ತು. ಈಸೂರಿನವರು ಕಮ್ಯೂನಿಸ್ಟರು ದೂರವುಳಿದ ಆ ಚಳವಳಿಯಲ್ಲಿಯೇ ಎದ್ದುನಿಂತವರು. ಅಲ್ಲಿಯೂ ಇಬ್ಬರು ಅಧಿಕಾರಿಗಳು ಕೆರಳಿದ ಗುಂಪಿಗೆ ಬಲಿಯಾಗಿದ್ದರು. ಯುದ್ಧದ ಹೆಸರನ್ನು ಕುರಿತು ನಾಯಕರು ನಡೆಸಿದ ವಾದಗಳು ಈ ಎರಡು ಹಳ್ಳಿಗಳನ್ನು ಬೇರೆ ಬೇರೆ ದಂಡೆಗಳಲ್ಲಿ ನಿಲ್ಲಿಸಿದ್ದವು. ನೇಣುಗಂಬ ಅಂತಹ ಭೇದವನ್ನೆಣಿಸಲಿಲ್ಲ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಯ್ಯೂರು ಕೇರಳಕ್ಕೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲೇ, ಪಕ್ಕದ ನೀಲೇಶ್ವರದ ಶಾಲೆಯಲ್ಲಿ ಓದಿದ್ದ ನಿರಂಜನರು ಆ ರೈತರ ಕಥೆಯನ್ನು ‘ಚಿರಸ್ಮರಣೆ’ ಎಂಬ ಕಾದಂಬರಿಯಾಗಿ ಬರೆದಿದ್ದರು. ಮಲಯಾಳಿಗಳು ಅದನ್ನು ತಮ್ಮ ಭಾಷೆಗೆ ತಂದುಕೊಂಡು ಓದಿದರು.