ಬಸ್ಸಾರು ಕಲಿಸಿದ ಬರ್ಗರ್

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರ ರಾತ್ರಿ ನಾವು ಮೂವರು ರೂಮ್‌ಮೇಟ್‌ಗಳು ಸೇರಿ ರಾಜ್ಮಾ ಬರ್ಗರ್ ಮಾಡಿದ್ವಿ. ಸೋಮವಾರ ಬೆಳಿಗ್ಗೆ ಮ್ಯಾಥ್ಸ್ ಇಂಟರ್ನಲ್ಸ್ ಬರೆದಿದ್ದು ನಮ್ಮಲ್ಲಿ ಒಬ್ಬನೇ. ಉಳಿದಿಬ್ಬರು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ವಿ. ಪರೀಕ್ಷೆ ಬರೆದವನು ನಮಗಿಂತ ಜಾಣ ಅಂತೇನಲ್ಲ. ಅವನ ಪಾಲಿನ ಪ್ಯಾಟಿ ಪೂರ್ತಿ ಪುಡಿಪುಡಿಯಾಗಿ ಉದುರಿ ಹೋಗಿತ್ತು, ಬೇಜಾರಾಗಿ ಬರೀ ಬನ್ ತಿಂದು ಮಲಗಿದ್ದ. ಅದೇ ಅವನನ್ನ ಉಳಿಸಿದ್ದು.

ಅವತ್ತು ಎರಡು ತಪ್ಪಾಗಿತ್ತು. ಒಂದು, ಬರ್ಗರ್ ಉದುರಿತು. ಎರಡು, ಉದುರದೆ ಉಳಿದಿದ್ದು ಹೊಟ್ಟೆ ಕೆಡಿಸಿತು. ಎರಡಕ್ಕೂ ಕಾರಣ ಏನು, ಮನೇಲಿ ಸರಿಯಾಗಿ ಮಾಡೋದು ಹೇಗೆ ಅನ್ನೋದನ್ನ ಈ ಲೇಖನದಲ್ಲಿ ಹೇಳ್ತೀವಿ. ನಮಗೆ ಉತ್ತರ ಸಿಕ್ಕಿದ್ದು ಹಗರೆಯ ಒಂದು ಅಡುಗೆಮನೆಯಲ್ಲಿ.

ಮೊದಲು ಹೊಟ್ಟೆಯ ವಿಷಯ

ಹಾಸ್ಟೆಲ್‌ನಲ್ಲಿ ಸ್ಟೌ ಇಲ್ಲ, ಇರೋದು ಎಲೆಕ್ಟ್ರಿಕ್ ಕೆಟಲ್. ರಾಜ್ಮಾ ನೆನೆಸಿ, ಕೆಟಲ್‌ಗೆ ಹಾಕಿ, ಸ್ವಿಚ್ ಒತ್ತಿದ್ವಿ. ನೀರು ಕುದಿಯಿತು, ಕೆಟಲ್ ಆಫ್ ಆಯಿತು. ಮುಚ್ಚಳ ಹಾಕಿ ಒಂದು ಗಂಟೆ ಬಿಟ್ವಿ. ಆಮೇಲೆ ಇನ್ನೊಂದು ಸಲ ಹಾಗೇ ಮಾಡಿದ್ವಿ. ಕಾಳು ಒಂದು ಮಟ್ಟಿಗೆ ಮೆತ್ತಗಾಯಿತು. ಫೋರ್ಕ್‌ನಲ್ಲಿ ಜಜ್ಜಿ, ತಿರುಗಿಸಿಟ್ಟ ಐರನ್ ಬಾಕ್ಸ್ ಮೇಲೆ ಫಾಯಿಲ್ ಹಾಸಿ ಸುಟ್ವಿ. (ಇದನ್ನ ಯಾರೂ ಮಾಡಬೇಡಿ. ನಾವು ಹೆಮ್ಮೆಯಿಂದ ಹೇಳ್ತಿಲ್ಲ.) ತಿಂದು ಮೂರು ಗಂಟೆಯೊಳಗೆ ವಾಂತಿ ಶುರುವಾಯಿತು.

ಹಳೇ ಕಾಳು ಇರಬೇಕು, ಅಂಗಡಿಯವರು ಮೋಸ ಮಾಡಿದ್ರು ಅಂತ ನಾವು ಮೊದಲು ಬೈದುಕೊಂಡ್ವಿ. ಆದರೆ ಕಾಳಿನ ತಪ್ಪೇನೂ ಇರಲಿಲ್ಲ. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನೋ ಒಂದು ಪ್ರೋಟೀನ್ ಇರುತ್ತೆ. ಇದು ಕೆಂಪು ರಕ್ತಕಣಗಳನ್ನ ಒಂದಕ್ಕೊಂದು ಅಂಟಿಸುವ ಜಾತಿಯದು, ಹೆಸರು ಬಂದಿದ್ದೂ ಅದರಿಂದಲೇ. ಹೊಟ್ಟೆಗೆ ಹೋದರೆ ಕರುಳಿನ ಒಳಪದರಕ್ಕೆ ಅಂಟಿಕೊಂಡು ವಾಂತಿ, ಭೇದಿ ತರಿಸುತ್ತೆ. ನಾಲ್ಕೈದು ಹಸಿ ಕಾಳೇ ಇದಕ್ಕೆ ಸಾಕು. ಗಿಡಕ್ಕೆ ಇದು ಹುಳ, ಪ್ರಾಣಿಗಳಿಂದ ರಕ್ಷಣೆ. ನಮಗೆ ಡ್ರಿಪ್.

ಚೆನ್ನಾಗಿ ಕುದಿಸಿದರೆ ಈ ಪ್ರೋಟೀನ್ ನಾಶವಾಗುತ್ತೆ. ಆದರೆ ಕುದಿಯೋ ಮಟ್ಟಕ್ಕಿಂತ ಕಡಿಮೆ, ಅಂದರೆ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಮಾಡಿದರೆ ವಿಷದ ಪ್ರಭಾವ ಹಸಿ ಕಾಳಿಗಿಂತ ಐದು ಪಟ್ಟಿನವರೆಗೂ ಹೆಚ್ಚಾಗಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸುತ್ತೆ. ನಮ್ಮ ಕೆಟಲ್ ಮಾಡಿದ್ದು ಸರಿಯಾಗಿ ಅದನ್ನೇ. ನೀರು ಕುದಿದು ಹಬೆ ಬಂದ ತಕ್ಷಣ ಒಳಗಿನ ಬೈಮೆಟಲ್ ಪಟ್ಟಿ ಬಾಗಿ ಸ್ವಿಚ್ ಆಫ್ ಮಾಡುತ್ತೆ. ಅಲ್ಲಿಂದ ನೀರು ಆರುತ್ತಾ 90, 80, 70 ಅಂತ ಇಳಿಯುತ್ತೆ. ಬೇಯ್ತಿದೆ ಅಂತ ನಾವು ಅಂದುಕೊಂಡ ಎರಡು ಗಂಟೆಯಲ್ಲಿ ಕಾಳು ನಿಜವಾಗಿ ಕುದಿದಿದ್ದು ಒಂದೆರಡು ನಿಮಿಷ.

ಅದೇ ಇಲಾಖೆ ಹೇಳುವ ನಿಯಮ ಸುಲಭ. ಕನಿಷ್ಠ 5 ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 30 ನಿಮಿಷ ಕುದಿಸಬೇಕು. ಮನೆಯ ಪ್ರೆಶರ್ ಕುಕ್ಕರ್‌ನಲ್ಲಿ ಉಷ್ಣತೆ ಸುಮಾರು 120 ಡಿಗ್ರಿ ಮುಟ್ಟೋದರಿಂದ ಕೆಲಸ ಬೇಗ ಆಗುತ್ತೆ. ಕಾಳು ಬೆರಳಲ್ಲಿ ಒತ್ತಿದರೆ ನಡುವೆ ಸ್ವಲ್ಪವೂ ಗಟ್ಟಿ ಸಿಗಬಾರದು, ಅಷ್ಟು ಬೇಯಿಸಿ.

ಹಗರೆಯಲ್ಲಿ ಕಂಡಿದ್ದು

ನಮ್ಮಲ್ಲೊಬ್ಬನ ಊರು ಹಗರೆ. ಹಾಸನದಿಂದ ಬೇಲೂರಿಗೆ ಹೋಗೋ ದಾರಿಯಲ್ಲಿ ಸಿಗುತ್ತೆ, ಹಳೇಬೀಡಿಗೆ ಇಲ್ಲಿಂದ ರಸ್ತೆ ತಿರುಗುತ್ತೆ. ದೇವಸ್ಥಾನ ನೋಡೋಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುವ ಊರು. ರಜೆಯಲ್ಲಿ ಮೂವರೂ ಅಲ್ಲಿಗೆ ಹೋದ್ವಿ. ಬರ್ಗರ್‌ನ ಸೇಡು ತೀರಿಸಿಕೊಳ್ಳಲೇಬೇಕು ಅಂತ ಹಠ. ಮನೆಯಲ್ಲಿ ರಾಜ್ಮಾ ಇರಲಿಲ್ಲ, ಡಬ್ಬದ ತುಂಬ ಅಲಸಂದೆ ಕಾಳಿತ್ತು.

ಒಂದು ಮಾತು ಇಲ್ಲೇ ಹೇಳಬೇಕು. ಇಂಗ್ಲಿಷ್ ರೆಸಿಪಿಗಳಲ್ಲಿ ಬೀನ್ ಬರ್ಗರ್ ಅಂದಾಗ ನಾವು ಪಲ್ಯದ ಬೀನ್ಸ್ ನೆನೆಸಿಕೊಳ್ತೀವಿ. ಅಲ್ಲಿ ಹೇಳೋದು ಒಣ ಕಾಳು. ತಮಾಷೆ ಅಂದರೆ ತರಕಾರಿ ಅಂಗಡಿಯ ಹುರುಳಿಕಾಯಿ, ರಾಜ್ಮಾ ಎರಡೂ ಒಂದೇ ಸಸ್ಯಜಾತಿ. ಒಂದನ್ನ ಎಳೆಯ ಕಾಯಿರುವಾಗ ಕೀಳ್ತಾರೆ, ಇನ್ನೊಂದನ್ನ ಬಲಿತು ಒಣಗಿದ ಮೇಲೆ. ಅಲಸಂದೆ ಬೇರೆ ಜಾತಿ. ರಾಜ್ಮಾದಷ್ಟು ತೊಂದರೆ ಇದರಲ್ಲಿಲ್ಲ, ಬೇಗ ಬೇಯುತ್ತೆ. ಹಾಗಂತ ಅರ್ಧಂಬರ್ಧ ಬೇಯಿಸಬೇಡಿ.

ಮೊದಲ ಸಲ ಕಾಳು ಚೆನ್ನಾಗಿ ಬೆಂದಿತ್ತು. ಕುಕ್ಕರ್‌ನಿಂದ ನೇರವಾಗಿ ಪಾತ್ರೆಗೆ ಹಾಕಿ, ಜಜ್ಜಿ, ತಟ್ಟಿ, ಹೆಂಚಿಗೆ ಹಾಕಿದ್ವಿ. ತಿರುವಿ ಹಾಕುವಾಗ ಮತ್ತೆ ಅದೇ ಕಥೆ. ಅರ್ಧ ಸೌಟಿನಲ್ಲಿ, ಅರ್ಧ ಹೆಂಚಿನಲ್ಲಿ. ನೋಡ್ತಾ ಕೂತಿದ್ದ ಅಜ್ಜಿ ಕೇಳಿದ್ರು: "ಲೋ ಮಗ, ನೀರು ಬಸೀದೆ ಪಲ್ಯ ಆಯ್ತದೇನ್ಲಾ?"

ಅವತ್ತು ಮನೆಯಲ್ಲಿ ಬಸ್ಸಾರಿನ ಅಡುಗೆ. ಬಸ್ಸಾರು ಮಾಡೋರಿಗೆ ಗೊತ್ತಿರುತ್ತೆ: ಕಾಳು, ಸೊಪ್ಪು ಬೇಯಿಸಿ ನೀರು ಪೂರ್ತಿ ಬಸೀತಾರೆ. ಬಸಿದ ನೀರು ಸಾರಿಗೆ, ಉಳಿದ ಕಾಳು, ಸೊಪ್ಪು ಒಗ್ಗರಣೆ ಹಾಕಿ ಪಲ್ಯಕ್ಕೆ. ಅಜ್ಜಿ ತಟ್ಟೆ ಮುಚ್ಚಿ ಪಾತ್ರೆ ಬಗ್ಗಿಸಿ, ಕೊನೇ ಹನಿ ಬೀಳೋವರೆಗೂ ಹಿಡಿದಿದ್ರು. ನಮಗೆ ಬೇಕಾಗಿದ್ದೂ ಅಷ್ಟೇ.

ಉದುರೋದು ಯಾಕೆ?

ಮಾಂಸದ ಬರ್ಗರ್ ತನ್ನಷ್ಟಕ್ಕೆ ಹಿಡಿದುಕೊಳ್ಳುತ್ತೆ. ಹಸಿ ಮಾಂಸದ ಪ್ರೋಟೀನ್ ಹೆಂಚಿನ ಮೇಲೆ ಮೊದಲ ಸಲ ಬಿಸಿಯಾಗಿ ಗಟ್ಟಿಯಾಗಿ ಎಲ್ಲವನ್ನೂ ಕಟ್ಟಿ ಹಾಕುತ್ತೆ. ನಮ್ಮ ಮಸಾಲೆ ವಡೆಯೂ ಹಾಗೇ. ಕಡಲೆಬೇಳೆ ನೆನೆಸಿ ಹಸಿಯಾಗೇ ರುಬ್ಬಿ ಎಣ್ಣೆಗೆ ಬಿಡ್ತೀವಿ, ಅದರ ಪ್ರೋಟೀನ್, ಪಿಷ್ಟ ಎರಡೂ ಎಣ್ಣೆಯಲ್ಲೇ ಮೊದಲ ಸಲ ಗಟ್ಟಿಯಾಗುತ್ತೆ. ಅದಕ್ಕೇ ವಡೆ ಬಿರಿಯಲ್ಲ.

ಬೇಯಿಸಿದ ಕಾಳಲ್ಲಿ ಈ ಅವಕಾಶ ಕುಕ್ಕರ್‌ನಲ್ಲೇ ಮುಗಿದು ಹೋಗಿರುತ್ತೆ. ಹಾಗಾದ್ರೆ ರಾಜ್ಮಾನೂ ವಡೆ ಥರ ಹಸಿಯಾಗಿ ರುಬ್ಬಿ ಸುಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಹೊರಗೆ ಕೆಂಪಾದರೂ ಒಳಗೆ ಸಾಕಷ್ಟು ಹೊತ್ತು ಕುದಿಯೋ ಬಿಸಿ ಸಿಗಲ್ಲ, ಮತ್ತೆ ಡ್ರಿಪ್ ಗ್ಯಾರಂಟಿ. ಕಾಳು ಬೇಯಲೇಬೇಕು. ಆದ್ದರಿಂದ ಅಂಟು ಹೊರಗಿಂದ ಕೊಡಬೇಕು, ನೀರು ಒಳಗಿಂದ ತೆಗೀಬೇಕು.

ನೀರು ಯಾಕೆ ಇಷ್ಟು ಕಾಟ ಕೊಡುತ್ತೆ ಅನ್ನೋಕೆ ಸಣ್ಣ ಲೆಕ್ಕ. ಒಂದು ಪ್ಯಾಟಿಯಲ್ಲಿ 10 ಗ್ರಾಂ ನೀರು ಜಾಸ್ತಿ ಇದೆ ಅಂದುಕೊಳ್ಳಿ. ಅದನ್ನ 30ರಿಂದ 100 ಡಿಗ್ರಿಗೆ ಏರಿಸೋಕೆ ಸುಮಾರು 2.9 ಕಿಲೋಜೂಲ್ ಸಾಕು. ಆವಿ ಮಾಡೋಕೆ ಸುಮಾರು 22.6 ಕಿಲೋಜೂಲ್ ಬೇಕು, ಏಳು ಪಟ್ಟಿಗಿಂತ ಹೆಚ್ಚು. ಮೇಲ್ಮೈಯ ನೀರು ಹೋಗೋವರೆಗೂ ಅಲ್ಲಿನ ಉಷ್ಣತೆ 100 ದಾಟಲ್ಲ. ಆದರೆ ಪ್ಯಾಟಿ ಕೆಂಪಾಗಿ ಗಟ್ಟಿ ಪದರ ಬರೋದು, ಅಂದರೆ ಮೈಯಾರ್ ಕ್ರಿಯೆ ಜೋರಾಗಿ ನಡೆಯೋದು, ಸುಮಾರು 140 ಡಿಗ್ರಿಯ ಮೇಲೆ. ಒದ್ದೆ ಪ್ಯಾಟಿ ಹೆಂಚಿನ ಮೇಲೆ ಸುಡ್ತಾ ಇರಲ್ಲ, ಬೇಯ್ತಾ ಇರುತ್ತೆ. ಪದರ ಬರೋ ಮೊದಲೇ ತಿರುವಿದರೆ ಉದುರದೆ ಇನ್ನೇನಾಗುತ್ತೆ?

1982ರಲ್ಲಿ ಲಂಡನ್ನಿನಲ್ಲಿ ಗ್ರೆಗರಿ ಸ್ಯಾಮ್ಸ್ ಎನ್ನುವವರು 'ವೆಜಿಬರ್ಗರ್' ಅಂತ ಮಾರಾಟಕ್ಕೆ ತಂದಿದ್ದು ಒಂದು ಒಣ ಮಿಶ್ರಣ. ಮನೇಲಿ ನೀರು ಹಾಕಿ ಕಲಸಿ ಸುಡಬೇಕಿತ್ತು. ಅಳತೆ ಮಾಡಿದಷ್ಟೇ ನೀರು ಅನ್ನೋದು ಎಷ್ಟು ಅನುಕೂಲ ಅಂತ ಈಗ ನಮಗೆ ಅರ್ಥ ಆಗುತ್ತೆ.

ಈಗ ಮಾಡೋಣ

ಎಂಟು ಪ್ಯಾಟಿಗೆ ಬೇಕಾಗಿದ್ದು: ಅಲಸಂದೆ 200 ಗ್ರಾಂ, ಮಧ್ಯಮ ಗಾತ್ರದ ಆಲೂಗಡ್ಡೆ ಒಂದು, ಈರುಳ್ಳಿ ಒಂದು, ಹುರಿಗಡಲೆ ಪುಡಿ ನಾಲ್ಕು ದೊಡ್ಡ ಚಮಚ, ಬೆಳ್ಳುಳ್ಳಿ ನಾಲ್ಕು ಎಸಳು, ಹಸಿಮೆಣಸಿನಕಾಯಿ ಎರಡು, ಜೀರಿಗೆ, ಕೊತ್ತಂಬರಿ ಸೊಪ್ಪು, ಉಪ್ಪು, ಎಣ್ಣೆ.

ಅಲಸಂದೆಯನ್ನ 6 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರ್‌ನಲ್ಲಿ ಮೂರು ವಿಷಲ್ ಕೂಗಿಸಿ. ಪ್ರೆಶರ್ ತಾನಾಗೇ ಇಳಿಯಲಿ. ಪೂರ್ತಿ ಬಸಿಯಿರಿ. ಬಸಿದ ನೀರು ಚೆಲ್ಲಬೇಡಿ, ಅಮ್ಮನಿಗೋ ಅಜ್ಜಿಗೋ ಕೊಡಿ, ರಾತ್ರಿಗೆ ಬಸ್ಸಾರು ಆಗುತ್ತೆ. (ರಾಜ್ಮಾ ಆದರೆ ಬೇಯಿಸಿದ ನೀರೂ ಬೇಡ, ಚೆಲ್ಲಿಬಿಡಿ.) ಕಾಳನ್ನ ಅಗಲವಾದ ತಟ್ಟೆಗೆ ಹರಡಿ ಫ್ಯಾನ್ ಕೆಳಗೆ 20 ನಿಮಿಷ ಇಡಿ. ಕೈಗೆ ಒದ್ದೆ ಅಂಟಬಾರದು.

ಆಲೂಗಡ್ಡೆಯನ್ನ ಮೊದಲೇ ಬೇಯಿಸಿ ಪೂರ್ತಿ ಆರಿಸಿಕೊಳ್ಳಿ. ಬಿಸಿ ಆಲೂಗಡ್ಡೆ ಜಜ್ಜಿದರೆ ಗೋಂದಾಗುತ್ತೆ. ಆರಿದಾಗ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತೆ. ಹಾಸನದ ಕಡೆ ಆಲೂಗಡ್ಡೆಗೆ ಬರ ಇಲ್ಲ, ಆದರೂ ಒಂದೇ ಸಾಕು. ಜಾಸ್ತಿ ಹಾಕಿದರೆ ಅದು ಆಲೂ ಬೋಂಡಾದ ತಮ್ಮ ಆಗುತ್ತೆ.

ಈರುಳ್ಳಿ ಸಣ್ಣಗೆ ಹೆಚ್ಚಿ, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ. ಆಸ್ಮೋಸಿಸ್‌ನಿಂದ ನೀರು ಹೊರಗೆ ಬಂದಿರುತ್ತೆ. ಈ ಹೆಜ್ಜೆ ಬಿಟ್ಟರೆ ಅದೇ ನೀರು ಹೆಂಚಿನ ಮೇಲೆ ಬರುತ್ತೆ.

ಕಾಳಲ್ಲಿ ಮುಕ್ಕಾಲು ಪಾಲು ಜಜ್ಜಿ, ಕಾಲು ಪಾಲು ಇಡಿಯಾಗಿ ಬಿಡಿ, ಅಗಿಯೋಕೆ ಏನಾದ್ರೂ ಸಿಗಬೇಕಲ್ಲ. ಮಿಕ್ಸಿ ಬೇಡ, ಪೇಸ್ಟ್ ಆಗುತ್ತೆ. ಆಲೂಗಡ್ಡೆ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಕಾಯಿ, ಹುರಿದ ಜೀರಿಗೆ, ಕೊತ್ತಂಬರಿ ಸೊಪ್ಪು, ಹುರಿಗಡಲೆ ಪುಡಿ ಸೇರಿಸಿ ಕಲಸಿ. ಹುರಿಗಡಲೆ ಮೊದಲೇ ಹುರಿದಿರೋದರಿಂದ ಹಸಿ ವಾಸನೆ ಬರಲ್ಲ, ಉಳಿದ ತೇವ ಹೀರಿಕೊಳ್ಳುತ್ತೆ. ಅವಲಕ್ಕಿ ಪುಡಿಯೂ ನಡೆಯುತ್ತೆ. ಉಂಡೆ ಕಟ್ಟಿ ಒತ್ತಿದಾಗ ಅಂಚು ಬಿರುಕು ಬಿಟ್ಟರೆ ಒಂದು ಚಮಚ ನೀರು, ಕೈಗೆ ಅಂಟಿದರೆ ಒಂದು ಚಮಚ ಪುಡಿ.

ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ, ಬನ್‌ಗಿಂತ ಸ್ವಲ್ಪ ಅಗಲವಾಗಿ ತಟ್ಟಿ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕಾದ ಹೆಂಚಿಗೆ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಮುಟ್ಟಬೇಡಿ. ಇದೇ ಕಷ್ಟದ ಕೆಲಸ. ಪದರ ಬಂದ ಮೇಲೆ ಪ್ಯಾಟಿ ತಾನಾಗೇ ಹೆಂಚು ಬಿಡುತ್ತೆ. ಬಿಡದಿದ್ದರೆ ಇನ್ನೂ ಟೈಮ್ ಆಗಿಲ್ಲ ಅಂತ ಅರ್ಥ. ಒಂದೇ ಸಲ ತಿರುವಿ, ಇನ್ನೊಂದು ಬದಿಯನ್ನೂ ಅಷ್ಟೇ ಹೊತ್ತು ಸುಡಿ.

ಬನ್‌ಗೆ ಬೇಕರಿ ಬನ್ನೇ ಸಾಕು. ಅಯ್ಯಂಗಾರ್ ಬೇಕರಿ ನಡೆಸೋ ಎಷ್ಟೋ ಕುಟುಂಬಗಳ ಮೂಲ ಹಾಸನ ಜಿಲ್ಲೆಯೇ, ಬನ್ ವಿಷಯದಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಕತ್ತರಿಸಿದ ಕಡೆ ಬೆಣ್ಣೆ ಸವರಿ ಹೆಂಚಿನ ಮೇಲೆ ಬಿಸಿ ಮಾಡಿ. ಸೌತೆಕಾಯಿ, ಟೊಮ್ಯಾಟೊ, ಸಾಸ್ ಬದಲು ಗಟ್ಟಿ ಹಸಿರು ಚಟ್ನಿ ಹಾಕಿ. ಅಲಸಂದೆಯಲ್ಲಿ ನೂರು ಗ್ರಾಂಗೆ ಸುಮಾರು 23 ಗ್ರಾಂ ಪ್ರೋಟೀನ್ ಇದೆ. ಕಾಳಲ್ಲಿ ಕಡಿಮೆ ಇರೋ ಮೆಥಿಯೊನಿನ್ ಗೋಧಿಯಿಂದ, ಗೋಧಿಯಲ್ಲಿ ಕಡಿಮೆ ಇರೋ ಲೈಸಿನ್ ಕಾಳಿನಿಂದ ಬರುತ್ತೆ. ಜೋಡಿ ಚೆನ್ನಾಗಿದೆ.

ಹಗರೆಯಲ್ಲಿ ಎರಡನೇ ಸಲ ಎಂಟಕ್ಕೆ ಎಂಟೂ ಇಡಿಯಾಗಿ ಬಂದವು. ಏಳು ನಾವು, ಮನೆಯವರು ಸೇರಿ ಮುಗಿಸಿದ್ವಿ. ಎಂಟನೆಯದನ್ನ ಅಜ್ಜಿಗೆ ಕೊಟ್ಟಾಗ ಅವರು ಬನ್ ಪಕ್ಕಕ್ಕಿಟ್ಟು, ಪ್ಯಾಟಿಯನ್ನ ಮುದ್ದೆ ಬಸ್ಸಾರಿನ ಜೊತೆ ನೆಂಚಿಕೊಂಡು ತಿಂದ್ರು. "ಚೆನ್ನಾಗದೆ, ಉಪ್ಪು ಒಂಚೂರು ಕಮ್ಮಿ" ಅಂದ್ರು. ಮೇಲಿನ ಅಳತೆಯಲ್ಲಿ ಉಪ್ಪು ಎಷ್ಟು ಅಂತ ಬರೆಯದೆ ಇರೋದಕ್ಕೆ ಅದೇ ಕಾರಣ, ರುಚಿ ನೋಡಿ ಹಾಕಿ.

ಕೊನೆಗೆ ಹಾಸ್ಟೆಲ್ ಗೆಳೆಯರಿಗೆ ಒಂದೇ ಮನವಿ. ಕೆಟಲ್ ಇರೋದು ಟೀಗೆ, ಮ್ಯಾಗಿಗೆ. ಕಾಳು ಬೇಯಿಸೋಕೆ ರಜೆ ಬರೋವರೆಗೂ ಕಾಯಿರಿ. ಯಾರಾದ್ರೂ ಅರೆಬೆಂದ ರಾಜ್ಮಾ ತಿಂದು ವಾಂತಿ ಶುರುವಾದರೆ ಗ್ಯಾಸ್ಟ್ರಿಕ್ ಅಂತ ಸುಮ್ಮನೆ ಮಲಗಿಸಬೇಡಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಏನು ತಿಂದಿದ್ದು ಅಂತ ನಾಚಿಕೆ ಬಿಟ್ಟು ಹೇಳಿ. ನಾವು ಆ ರಾತ್ರಿ ಡಾಕ್ಟರಿಗೆ "ಮೆಸ್ ಊಟ ಸಾರ್" ಅಂತ ಸುಳ್ಳು ಹೇಳಿದ್ವಿ. ಮೆಸ್‌ನ ಅಣ್ಣಂದಿರಲ್ಲಿ ಇಲ್ಲಿಂದಲೇ ಕ್ಷಮೆ ಕೇಳ್ತೀವಿ.